ಸ್ಮಾರಕದ ಊರಿನಲ್ಲಿ ಕಾನೂನು ಕಾರ್ಯಾಗಾರ: ಸಂಘಟಕರಿಗೊಂದು ಮಾರ್ಗದರ್ಶಿ

ಐಹೊಳೆಯ ಲಾಡ್ ಖಾನ್ ಗುಡಿಯಲ್ಲಿರುವುದು ದೇವರ ಹೆಸರಲ್ಲ. ಒಂದು ಕಾಲದಲ್ಲಿ ಆ ಗುಡಿಯಲ್ಲಿ ವಾಸವಿದ್ದ ವ್ಯಕ್ತಿಯ ಹೆಸರು. ಚಾಲುಕ್ಯರ ಕಾಲದ ಗುಡಿಗಳ ಮಗ್ಗುಲಲ್ಲಿ ಮನೆ ಕಟ್ಟಿ, ದನ ಕಟ್ಟಿ, ಜೋಳ ಒಣಗಿಸಿಕೊಂಡು ಬದುಕಿದ ಜನ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳಲ್ಲಿ ತಲೆಮಾರುಗಳಿಂದ ಇದ್ದಾರೆ. ಇಂದು ಅವರ ಮನೆಯ ಮಾಳಿಗೆ ಸೋರಿದರೂ ಗೋಡೆ ಬಿರುಕು ಬಿಟ್ಟರೂ ಎದುರಾಗುವ ಮೊದಲ ಪ್ರಶ್ನೆ ‘ಇದನ್ನು ರಿಪೇರಿ ಮಾಡಬಹುದೇ?’ ಎಂಬುದು. ಪಾರಂಪರಿಕ ಸ್ಮಾರಕಗಳ ಕಾನೂನು ಮತ್ತು ಸಂರಕ್ಷಣೆಯ ಮಾನದಂಡಗಳ ಬಗ್ಗೆ ಸಾರ್ವಜನಿಕರಿಗಾಗಿ ತರಬೇತಿ ಕಾರ್ಯಾಗಾರ ನಡೆಸಲು ಹೊರಟವರು ಈ ಪ್ರಶ್ನೆಯಿಂದಲೇ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪರಂಪರೆಯ ಮಹತ್ವವನ್ನು ಕುರಿತ ಭಾಷಣದಿಂದ ಆರಂಭವಾಗುವ ಕಾರ್ಯಾಗಾರ ಊಟದ ಹೊತ್ತಿಗೆ ಖಾಲಿಯಾಗುತ್ತದೆ. ಹಾಗೆ ಖಾಲಿಯಾದ ಒಂದು ಸಭೆಯಲ್ಲಿ ನಾನು ಕುಳಿತಿದ್ದೆ. ಕೊನೆಗೆ ಉಳಿದಿದ್ದ ಹಿರಿಯರೊಬ್ಬರು ತಮ್ಮ ಮಾಳಿಗೆ ಮನೆಯ ಬಗ್ಗೆ ಕೇಳಿದಾಗ ವೇದಿಕೆಯ ಮೇಲಿದ್ದ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಮೌನ ಇಂದಿಗೂ ನನ್ನನ್ನು ಕಾಡುತ್ತದೆ. ಅಂಥ ಮೌನಕ್ಕೆ ಅವಕಾಶವಾಗದಂತೆ ಏನೇನು ಸಿದ್ಧತೆ ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಯಾವ ಸ್ಮಾರಕ ಯಾರ ರಕ್ಷಣೆಯಲ್ಲಿದೆ ಎಂದು ಪಟ್ಟಿ ಮಾಡುವುದು

ಎಲ್ಲಕ್ಕಿಂತ ಮೊದಲು ನಿಮ್ಮ ತಾಲ್ಲೂಕಿನ ಸ್ಮಾರಕಗಳ ಪಟ್ಟಿ ಸಿದ್ಧವಾಗಬೇಕು. ಪಟ್ಟಿಯಲ್ಲಿ ಹೆಸರು, ಊರು ಮತ್ತು ಸರ್ವೆ ನಂಬರಿನ ಜೊತೆಗೆ ರಕ್ಷಣೆಯ ಹೊಣೆ ಯಾರದು ಎಂಬ ಅಂಕಣ ಕಡ್ಡಾಯವಾಗಿ ಇರಬೇಕು. ಕರ್ನಾಟಕದಲ್ಲಿ ಈ ಹೊಣೆ ಹಲವು ಕಡೆ ಹಂಚಿಹೋಗಿದೆ. 500ಕ್ಕೂ ಹೆಚ್ಚು ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಶದಲ್ಲಿದ್ದು, ಅವುಗಳಿಗೆ 1958ರ ಕೇಂದ್ರ ಕಾಯ್ದೆ, ಅಂದರೆ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ನಿವೇಶನಗಳು ಹಾಗೂ ಅವಶೇಷಗಳ ಕಾಯ್ದೆ, ಅನ್ವಯಿಸುತ್ತದೆ. ರಾಜ್ಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ 800ಕ್ಕೂ ಹೆಚ್ಚು ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಇದೆ. ಹಂಪಿಯ ಪ್ರದೇಶಕ್ಕೆ ಇವೆರಡರ ಜೊತೆಗೆ 2002ರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆಯೂ ಸೇರಿಕೊಳ್ಳುತ್ತದೆ. ಮುಜರಾಯಿ ದೇವಸ್ಥಾನಗಳ ಆಡಳಿತ 1997ರ ಧಾರ್ಮಿಕ ಸಂಸ್ಥೆಗಳ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಇವು ಯಾವುದರ ಪಟ್ಟಿಗೂ ಸೇರದ ಹಳೆಯ ಗುಡಿ, ಕೋಟೆ ಗೋಡೆ, ಪುಷ್ಕರಣಿ, ವೀರಗಲ್ಲು, ಮಾಸ್ತಿಕಲ್ಲುಗಳು ಪ್ರತಿ ಊರಿನಲ್ಲೂ ಇವೆ. ನಮ್ಮ ಕಣ್ಣೆದುರೇ ಹಾಳಾಗುತ್ತಿರುವವುಗಳಲ್ಲಿ ಹೆಚ್ಚಿನವು ಈ ಕೊನೆಯ ಗುಂಪಿಗೆ ಸೇರಿದವು ಎಂಬ ದುಃಖ ನನಗಿದೆ.

ಈ ಪಟ್ಟಿಯಿಲ್ಲದೆ ನಡೆಸುವ ತರಬೇತಿ ತಪ್ಪು ಮಾಹಿತಿಯನ್ನು ಹರಡುತ್ತದೆ. ಸ್ಮಾರಕದ ಸುತ್ತ ನೂರು ಮೀಟರ್‌ವರೆಗೆ ಹೊಸದಾಗಿ ಕಟ್ಟಬಾರದು ಎಂಬ ಕೇಂದ್ರ ಕಾಯ್ದೆಯ ನಿಯಮವನ್ನು ಊರಿನ ಪ್ರತಿಯೊಂದು ಹಳೆಯ ಕಲ್ಲಿಗೂ ಅನ್ವಯಿಸಿ ಹೇಳಿದರೆ ಜನ ವಿನಾಕಾರಣ ಭಯಪಡುತ್ತಾರೆ. ರಾಜ್ಯ ರಕ್ಷಣೆಯ ಸ್ಮಾರಕಕ್ಕೆ ಯಾವ ನಿಯಮವೂ ಇಲ್ಲ ಎಂದು ಹೇಳಿದರೆ ಅದು ಇನ್ನೂ ದೊಡ್ಡ ಅನಾಹುತ. ಪಟ್ಟಿಯನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯ ನಿಮ್ಮ ವಲಯ ಕಚೇರಿಯಲ್ಲಿಯೂ ರಾಜ್ಯ ಇಲಾಖೆಯಲ್ಲಿಯೂ ತೋರಿಸಿ, ತಿದ್ದಿಸಿಕೊಂಡು, ಆಮೇಲೆ ಬಳಸಬೇಕು.

ಪ್ರಶ್ನೆಗಳನ್ನು ಮೊದಲೇ ಸಂಗ್ರಹಿಸುವುದು

ಕಾರ್ಯಾಗಾರಕ್ಕೆ ಎರಡು ತಿಂಗಳು ಇರುವಾಗ ಇಬ್ಬರು ಮೂವರು ಊರಿನಲ್ಲಿ ಓಡಾಡಿ ಜನರನ್ನು ಮಾತನಾಡಿಸಬೇಕು. ಸ್ಮಾರಕದ ಸುತ್ತಲಿನ ಮನೆಗಳವರು, ಪಂಚಾಯಿತಿಯ ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ದೇವಸ್ಥಾನ ಸಮಿತಿಯವರು, ಅರ್ಚಕರು, ಗೌಂಡಿಗಳು, ಅಂಗಡಿ ಇಟ್ಟವರು, ಮನೆಯ ನಕ್ಷೆ ಬರೆದುಕೊಡುವ ಎಂಜಿನಿಯರುಗಳು ಇವರೆಲ್ಲರ ಪ್ರಶ್ನೆಗಳನ್ನು ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಬೇಕು. ‘ಅಪ್ಪನ ಕಾಲದ ಮನೆ ಬಿದ್ದಿದೆ, ಅದೇ ಅಡಿಪಾಯದ ಮೇಲೆ ಕಟ್ಟಬಹುದೇ?’, ‘ಗುಡಿಯ ಗರ್ಭಗುಡಿಗೆ ಟೈಲ್ಸ್ ಹಾಕಿಸಬಹುದೇ?’, ‘ಚರಂಡಿ ಅಗೆಯಲು ಯಾರ ಅನುಮತಿ ಬೇಕು?’, ‘ಹೊಲದಲ್ಲಿ ಸಿಕ್ಕ ಮೂರ್ತಿಯನ್ನು ಯಾರಿಗೆ ಕೊಡಬೇಕು?’ ಈ ಬಗೆಯ ಪ್ರಶ್ನೆಗಳೇ ಕಾರ್ಯಾಗಾರದ ಪಠ್ಯಕ್ರಮವಾಗುತ್ತವೆ. ಸಂಪನ್ಮೂಲ ವ್ಯಕ್ತಿಗಳಿಗೆ ವಿಷಯದ ಶೀರ್ಷಿಕೆಯ ಬದಲು ಈ ಪ್ರಶ್ನೆಗಳ ಪಟ್ಟಿಯನ್ನು ಕಳುಹಿಸಿದರೆ ಅವರು ತರುವ ಸಿದ್ಧತೆಯೇ ಬೇರೆಯಾಗಿರುತ್ತದೆ.

ದಿನ, ಸ್ಥಳ, ಜನ

ದಿನಾಂಕವನ್ನು ಆರಿಸುವಾಗ, ಸ್ಮಾರಕದ ಬಳಿ ದುರಸ್ತಿಗೋ ನಿರ್ಮಾಣಕ್ಕೋ ಅನುಮತಿ ಕೋರುವ ಅರ್ಜಿಯ ಕಾಲಮಿತಿಯನ್ನು ಲೆಕ್ಕ ಹಾಕಬೇಕು ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅರ್ಜಿ ತಲುಪಿದ ಹದಿನೈದು ದಿನಗಳೊಳಗೆ ಸಕ್ಷಮ ಪ್ರಾಧಿಕಾರವು (ಅನುಮತಿ ಕೊಡಲು ನೇಮಕವಾದ ಅಧಿಕಾರಿ) ಅದನ್ನು, ಕೆಲಸದಿಂದ ಸ್ಮಾರಕಕ್ಕಾಗುವ ಪರಿಣಾಮವನ್ನು ಪರಿಶೀಲಿಸುವ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ಆ ಪ್ರಾಧಿಕಾರವು ಎರಡು ತಿಂಗಳೊಳಗೆ ತನ್ನ ಅಭಿಪ್ರಾಯವನ್ನು ತಿಳಿಸಬೇಕು. ಅದು ಬಂದ ಒಂದು ತಿಂಗಳೊಳಗೆ ಸಕ್ಷಮ ಪ್ರಾಧಿಕಾರವು ಅನುಮತಿಯನ್ನು ಕೊಡಬೇಕು ಅಥವಾ ನಿರಾಕರಿಸಬೇಕು. ಎಲ್ಲವೂ ನಿಯಮದಂತೆ ನಡೆದರೂ ಮೂರೂವರೆ ತಿಂಗಳು ಹಿಡಿಯುತ್ತದೆ. ಜೂನ್ ತಿಂಗಳ ಮಳೆಗೆ ಮುಂಚೆ ಮಾಳಿಗೆ ದುರಸ್ತಿಯಾಗಬೇಕಾದರೆ ಯುಗಾದಿಯಲ್ಲಿ ಅರ್ಜಿ ಕೊಟ್ಟು ಪ್ರಯೋಜನವಿಲ್ಲ. ಸಂಕ್ರಾಂತಿಯ ಹೊತ್ತಿಗೇ ಕೊಟ್ಟಿರಬೇಕು. ಆದ್ದರಿಂದ ಕಾರ್ಯಾಗಾರಕ್ಕೆ ನವೆಂಬರ್ ಸೂಕ್ತ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ ಇರುವುದರಿಂದ ಇಲಾಖೆಗಳ ಸಹಕಾರವೂ ಸುಲಭವಾಗಿ ದೊರೆಯುತ್ತದೆ. ಏಪ್ರಿಲ್ 18ರ ವಿಶ್ವ ಪರಂಪರೆ ದಿನದಂದು ನಡೆಸುವ ಪದ್ಧತಿ ಇದ್ದರೂ ಬಾದಾಮಿಯ ಕಡೆಯ ಬಿಸಿಲಿನಲ್ಲಿ ಹೊರಗೆ ಅಳತೆಯ ಕೆಲಸ ಮಾಡಿಸುವುದು ಕಷ್ಟ, ಮತ್ತು ಆ ವರ್ಷದ ಮಳೆಗೆ ಮುಂಚಿನ ಅವಕಾಶ ಆಗಲೇ ಕಳೆದುಹೋಗಿರುತ್ತದೆ. ಊರಿನ ಜಾತ್ರೆ, ಸುಗ್ಗಿಗಳನ್ನೂ ನೋಡಿಕೊಳ್ಳಬೇಕು. ಪುಷ್ಯ ಮಾಸದ ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿ ಸೀಮೆಯ ಜನ ಸಭೆಗೆ ಬರುತ್ತಾರೆ ಎಂದು ನಿರೀಕ್ಷಿಸುವಂತಿಲ್ಲ.

ಸ್ಥಳ ಸ್ಮಾರಕದಿಂದ ನಡೆದು ಹೋಗುವಷ್ಟು ಹತ್ತಿರವಿರಬೇಕು. ಶಾಲೆಯ ಕೊಠಡಿ ಅಥವಾ ಸಮುದಾಯ ಭವನ ಸಾಕು. ಸ್ಮಾರಕದ ಆವರಣದೊಳಗೇ ಪೆಂಡಾಲು ಹಾಕಿ ಕಾನೂನು ಕಲಿಸಲು ಹೊರಡುವುದು ಸರಿಯಲ್ಲ, ಅದಕ್ಕೆ ಇಲಾಖೆಯ ಪೂರ್ವಾನುಮತಿ ಬೇಕು. ಒಂದು ದಿನದ ಕಾರ್ಯಾಗಾರಕ್ಕೆ ನಲವತ್ತು ಜನರಿಗಿಂತ ಹೆಚ್ಚು ಸೇರಿಸದಿರುವುದು ಒಳ್ಳೆಯದು. ಆ ನಲವತ್ತರಲ್ಲಿ ಅರ್ಧದಷ್ಟಾದರೂ ಸ್ಮಾರಕದ ನೆರೆಯ ಮನೆಯವರು ಇರಬೇಕು, ಮತ್ತು ಗಂಡಸರನ್ನು ಮಾತ್ರ ಕರೆದು ಮುಗಿಸಬಾರದು, ಏಕೆಂದರೆ ಮನೆಯ ಸೋರಿಕೆಯ ನಿಜವಾದ ಲೆಕ್ಕ ಮನೆಯ ಹೆಣ್ಣುಮಕ್ಕಳಲ್ಲಿರುತ್ತದೆ. ಗೌಂಡಿಗಳಿಗೆ ಅಂದಿನ ಕೂಲಿಯನ್ನು ತುಂಬಿಕೊಡುವ ಏರ್ಪಾಡು ಮಾಡಬೇಕು. ಒಂದು ದಿನದ ದುಡಿಮೆ ಬಿಟ್ಟು ಬಂದು ಕಲಿಯಿರಿ ಎಂದು ಅವರಿಗೆ ಹೇಳುವ ಹಕ್ಕು ನಮಗಿಲ್ಲ.

ಬೆಳಗಿನ ಪಾಠ: ಹಗ್ಗ ಹಿಡಿದು ಕಾನೂನು ಕಲಿಯುವುದು

ಕೇಂದ್ರ ರಕ್ಷಣೆಯ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗೆ ಮತ್ತೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. 1992ರ ಜೂನ್ 16ರ ಅಧಿಸೂಚನೆಯಿಂದ ಬಂದ ಈ ವಲಯಗಳು 2010ರ ತಿದ್ದುಪಡಿಯಿಂದ ಕಾಯ್ದೆಯ ಭಾಗವೇ ಆದವು. ಇದನ್ನು ಹಲಗೆಯ ಮೇಲೆ ಬರೆದು ತೋರಿಸುವ ಬದಲು, ಐವತ್ತು ಮೀಟರಿನ ಟೇಪು ಅಥವಾ ಗುರುತು ಹಾಕಿದ ಹಗ್ಗ ಕೊಟ್ಟು, ತಾಲ್ಲೂಕಿನ ಭೂಮಾಪಕರನ್ನು ಜೊತೆಗೆ ಕಳುಹಿಸಿ, ಬಂದವರಿಂದಲೇ ಅಳತೆ ಮಾಡಿಸಬೇಕು. ಅಳತೆ ಆರಂಭವಾಗುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ. ಈ ಒಂದು ಅಂಶ ಗೊತ್ತಿಲ್ಲದೆ ತಮ್ಮ ನಿವೇಶನ ನಿಯಂತ್ರಿತ ಪ್ರದೇಶದಲ್ಲಿದೆ ಎಂದು ನಂಬಿ ಕಟ್ಟಲು ಆರಂಭಿಸಿದವರು ಕೊನೆಗೆ ನಿಷೇಧಿತ ಪ್ರದೇಶದೊಳಗೆ ಸಿಕ್ಕಿಕೊಳ್ಳುತ್ತಾರೆ. ಹಗ್ಗ ಹಿಡಿದು ನೂರು ಮೀಟರ್ ನಡೆದವರು ತಮ್ಮ ಮನೆ ಎಲ್ಲಿ ಬೀಳುತ್ತದೆ ಎಂಬುದನ್ನು ಮರೆಯುವುದಿಲ್ಲ. ಹಾಗೆ ಕಂಡದ್ದು ಕಲಿಕೆಗೆ ಮಾತ್ರ. ಅಧಿಕೃತ ದೂರವನ್ನು ಇಲಾಖೆಯೇ ಹೇಳಬೇಕು ಎಂಬ ಮಾತನ್ನೂ ಅಲ್ಲಿಯೇ ಸ್ಪಷ್ಟಪಡಿಸಬೇಕು.

ಅಳತೆ ಮುಗಿಸಿ ಬಂದ ಮೇಲೆ ಮೂರು ಪದಗಳನ್ನು ನಿಧಾನವಾಗಿ ಬಿಡಿಸಿ ಹೇಳಬೇಕು: ನಿರ್ಮಾಣ, ಪುನರ್‌ನಿರ್ಮಾಣ, ದುರಸ್ತಿ. ಆಡುಮಾತಿನಲ್ಲಿ ನಾವು ಮೂರನ್ನೂ ‘ಮನೆ ಕಟ್ಟಿಸುವುದು’ ಎನ್ನುತ್ತೇವೆ, ಆದರೆ ಕಾಯ್ದೆ ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹೊಸದಾಗಿ ಎಬ್ಬಿಸುವುದು, ಇದ್ದ ಕಟ್ಟಡವನ್ನು ಮೇಲಕ್ಕೋ ಪಕ್ಕಕ್ಕೋ ವಿಸ್ತರಿಸುವುದು ನಿರ್ಮಾಣ. ಮೊದಲಿದ್ದ ಉದ್ದಗಲ ಎತ್ತರಗಳ ಮಿತಿಯಲ್ಲಿಯೇ ಮತ್ತೆ ಕಟ್ಟುವುದು ಪುನರ್‌ನಿರ್ಮಾಣ. ಇರುವ ಕಟ್ಟಡದಲ್ಲಿ ಮಾಡುವ ಬದಲಾವಣೆ ದುರಸ್ತಿ ಮತ್ತು ನವೀಕರಣ. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ, ಅಥವಾ ಆಮೇಲೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರ ಅನುಮೋದನೆ ಪಡೆದು ಕಟ್ಟಿದ ಮನೆಯವರು ದುರಸ್ತಿ ಮತ್ತು ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಹೊಸ ನಿರ್ಮಾಣಕ್ಕೆ ಅಲ್ಲಿ ಅವಕಾಶವಿಲ್ಲ. ನಿಯಂತ್ರಿತ ಪ್ರದೇಶದಲ್ಲಿ ಮೂರೂ ಬಗೆಯ ಕೆಲಸಕ್ಕೆ ಅರ್ಜಿ ಹಾಕಬಹುದು. ಹಾಗಾದರೆ ಮನೆ 1992ಕ್ಕಿಂತ ಹಳೆಯದು ಎಂದು ತೋರಿಸುವುದು ಹೇಗೆ? ಇಲ್ಲಿ ಪಂಚಾಯಿತಿಯ ಹಳೆಯ ಉತಾರ, ಕಂದಾಯ ರಸೀದಿ, ವಿದ್ಯುತ್ ಸಂಪರ್ಕದ ದಾಖಲೆಗಳಂಥ ಕಾಗದಗಳ ಬೆಲೆ ತಿಳಿಯುತ್ತದೆ. ಕಾರ್ಯಾಗಾರಕ್ಕೆ ಬರುವಾಗ ಮನೆಯ ಕಾಗದಪತ್ರಗಳ ನೆರಳಚ್ಚು ತರಬೇಕೆಂದು ಆಹ್ವಾನದಲ್ಲಿಯೇ ಬರೆದರೆ ಈ ಭಾಗ ಅತ್ಯಂತ ಫಲಕಾರಿಯಾಗುತ್ತದೆ.

ಪಂಚಾಯಿತಿಯವರ ಪ್ರಶ್ನೆಗೂ ಕಾಯ್ದೆಯಲ್ಲಿ ಉತ್ತರವಿದೆ. ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರು, ವಿದ್ಯುತ್ ಪೂರೈಕೆಯ ಕಾಮಗಾರಿಗಳನ್ನು ‘ನಿರ್ಮಾಣ’ ಎಂಬ ಪದದ ವ್ಯಾಖ್ಯಾನದಿಂದ ಹೊರಗಿಡಲಾಗಿದೆ. ಇದರರ್ಥ ಸಂರಕ್ಷಿತ ಎಲ್ಲೆಯೊಳಗೆ ಇಷ್ಟ ಬಂದಂತೆ ಅಗೆಯಬಹುದು ಎಂದಲ್ಲ. ಹೊರಗೆ ಅಗೆಯುವಾಗಲೂ ಇಲಾಖೆಗೆ ಮುಂಚಿತವಾಗಿ ತಿಳಿಸಿದರೆ ನೆಲದಡಿಯ ಅವಶೇಷ ಗುದ್ದಲಿಗೆ ಸಿಕ್ಕಿ ಒಡೆಯುವುದು ತಪ್ಪುತ್ತದೆ. ಸಾರ್ವಜನಿಕ ಕಾಮಗಾರಿ ಎಂಬ ಕಾರಣಕ್ಕೇ ಎಲ್ಲವೂ ನಿರಪಾಯ ಎಂದು ತಿಳಿಯಬಾರದು ಎಂಬುದಕ್ಕೆ ಹಂಪಿಯ ಉದಾಹರಣೆ ಕೊಡಬಹುದು. ಆನೆಗೊಂದಿಯ ಬಳಿ ತುಂಗಭದ್ರೆಗೆ ಸೇತುವೆ ಕಟ್ಟಲು ಹೊರಟದ್ದು 1999ರಲ್ಲಿ ಹಂಪಿಯು ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಲು ಮುಖ್ಯ ಕಾರಣಗಳಲ್ಲಿ ಒಂದಾಯಿತು. ಆ ಪಟ್ಟಿಯಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು.

ಪ್ರತಿ ಸ್ಮಾರಕಕ್ಕೂ ಅದರ ಪರಿಸರಕ್ಕೆ ತಕ್ಕ ಪಾರಂಪರಿಕ ಉಪವಿಧಿಗಳನ್ನು ರೂಪಿಸಬೇಕೆಂದು ಕಾಯ್ದೆ ಹೇಳುತ್ತದೆ. ಕಟ್ಟಡದ ಎತ್ತರ, ಹೊರಗೋಡೆಯ ರೂಪ ಮುಂತಾದವು ಅದರಲ್ಲಿ ನಿರ್ಧಾರವಾಗುತ್ತವೆ. ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ, ಸಲಹೆ ಸಲ್ಲಿಸಬಹುದು ಎಂಬುದನ್ನು ಜನರಿಗೆ ಒತ್ತಿ ಹೇಳಬೇಕು. ನಿಯಮ ತಮ್ಮ ಮೇಲೆ ಬಂದು ಬೀಳುವ ಸಂಗತಿ ಮಾತ್ರವಲ್ಲ, ತಾವೂ ಮಾತನಾಡಬಹುದಾದ ಸಂಗತಿ ಎಂದು ತಿಳಿದಾಗ ಸಭೆಯ ಧಾಟಿಯೇ ಬದಲಾಗುತ್ತದೆ. ಹಾಗೆಯೇ ಅನುಮತಿ ನಿರಾಕರಿಸುವ ಮುನ್ನ ಅರ್ಜಿದಾರರ ಅಹವಾಲು ಕೇಳಬೇಕೆಂಬ ನಿಯಮವೂ ಇದೆ.

ಶಿಕ್ಷೆಯ ವಿಷಯಕ್ಕೆ ಹತ್ತು ನಿಮಿಷ ಸಾಕು. ಸ್ಮಾರಕವನ್ನು ಹಾಳುಗೆಡವಿದರೆ, ಅಥವಾ ನಿಷೇಧಿತ ಪ್ರದೇಶದಲ್ಲಿ ನಿರ್ಮಾಣ ಕೈಗೊಂಡರೆ, ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಷ್ಟನ್ನು ಸ್ಪಷ್ಟವಾಗಿ ಹೇಳಿ ಮುಂದೆ ಹೋಗಬೇಕು. ಹೊಲದಲ್ಲೋ ಅಡಿಪಾಯದಲ್ಲೋ ನಿಧಿ, ನಾಣ್ಯ, ಮೂರ್ತಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸುವುದು ಕಡ್ಡಾಯ, ಅದಕ್ಕೆ 1962ರ ಕರ್ನಾಟಕ ನಿಧಿ ನಿಕ್ಷೇಪ ಕಾಯ್ದೆಯಿದೆ. ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಶಾಸನಗಳು 1972ರ ಪ್ರಾಚ್ಯವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂಬುದನ್ನೂ ಇಲ್ಲಿಯೇ ಸೇರಿಸಬಹುದು.

ಮಧ್ಯಾಹ್ನದ ಪಾಠ: ಗಾರೆ ಮತ್ತು ಸಿಮೆಂಟು

ಅನುಮತಿ ಸಿಕ್ಕಿತು ಎಂಬಲ್ಲಿಗೆ ಕಾನೂನಿನ ಮಾತು ಮುಗಿಯುತ್ತದೆ, ಆದರೆ ಕಲ್ಲಿನ ಕಷ್ಟ ಹಲವು ಸಲ ಆಮೇಲೆ ಆರಂಭವಾಗುತ್ತದೆ. ಯಾರ ಪಟ್ಟಿಗೂ ಸೇರದ ಗುಡಿಗಳನ್ನು ಭಕ್ತಿಯಿಂದ, ಊರವರ ದುಡ್ಡಿನಿಂದ, ಜೀರ್ಣೋದ್ಧಾರದ ಹೆಸರಿನಲ್ಲಿ ಕೆಡಿಸುತ್ತಿರುವುದನ್ನು ನಾವು ಕಾಣುತ್ತಿದ್ದೇವೆ: ಕೆತ್ತನೆಯ ಮೇಲೆ ಎಣ್ಣೆ ಬಣ್ಣ, ಹಾಸುಗಲ್ಲಿನ ಮೇಲೆ ಟೈಲ್ಸ್, ಸಂದುಗಳಿಗೆ ಸಿಮೆಂಟು, ಕೊಳೆ ತೆಗೆಯಲು ಮರಳು ಸಿಡಿಸುವ ಯಂತ್ರ. ಮಾನದಂಡಗಳ ಪಾಠ ಈ ಜನರಿಗೆ ತಲುಪಬೇಕು, ಅದೂ ಅವರ ಭಕ್ತಿಗೆ ನೋವಾಗದಂತೆ.

ಈ ಪಾಠಕ್ಕೆ ಉಪನ್ಯಾಸಕರಿಗಿಂತ ಗಾರೆ ಅರೆದು ಗೊತ್ತಿರುವ ಹಿರಿಯ ಕುಶಲಕರ್ಮಿ ಒಬ್ಬರು ಬೇಕು. ಸುಣ್ಣವನ್ನು ಅರಳಿಸಿ, ಕೊಳೆಸಿ, ಮರಳಿನ ಜೊತೆ ಅರೆದು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸುವ ಕ್ರಮವನ್ನು ಅವರು ಎಲ್ಲರ ಮುಂದೆ ಮಾಡಿ ತೋರಿಸಬೇಕು. ಸುಣ್ಣ ಅರಳಲು ದಿನಗಳು ಬೇಕಾಗುವುದರಿಂದ ಆ ಭಾಗದ ಸಿದ್ಧತೆಯನ್ನು ಮುಂಚೆಯೇ ಮಾಡಿಟ್ಟಿರಬೇಕು. ಆಮೇಲೆ ಕಾರಣವನ್ನು ವಿವರಿಸಬೇಕು. ಗಾರೆ ಉಸಿರಾಡುತ್ತದೆ, ಗೋಡೆಯೊಳಗಿನ ತೇವ ಅದರ ಮೂಲಕ ಹೊರಗೆ ಹೋಗುತ್ತದೆ. ಸಿಮೆಂಟು ಗಟ್ಟಿ, ತೇವವನ್ನು ಬಿಡುವುದಿಲ್ಲ, ಜೊತೆಗೆ ಲವಣಗಳನ್ನು ತರುತ್ತದೆ. ಸಂದು ಮುಚ್ಚಿಹೋದಾಗ ತೇವವು ಕಲ್ಲಿನ ಮೂಲಕವೇ ಆವಿಯಾಗಿ, ಲವಣ ಅಲ್ಲಿ ಹರಳುಗಟ್ಟಿ, ಕಲ್ಲಿನ ಮೇಲ್ಪದರ ಹೊಪ್ಪಳಿಕೆಯಾಗಿ ಉದುರುತ್ತದೆ. ಬಾದಾಮಿ, ಐಹೊಳೆಗಳ ಮರಳುಗಲ್ಲಿಗೆ ಈ ಅಪಾಯ ಹೆಚ್ಚು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ಗುಡಿಗಳ ಬಳಪದ ಕಲ್ಲು ಎಷ್ಟು ಮೃದುವೆಂದರೆ ಅಲ್ಲಿ ಮರಳು ಸಿಡಿಸುವುದು ಕೆತ್ತನೆಯನ್ನೇ ಅಳಿಸಿದಂತೆ.

ಮಾನದಂಡಗಳ ಇತಿಹಾಸವನ್ನು ಇಷ್ಟು ಕೆಲಸ ನೋಡಿದ ಮೇಲೆ ಹೇಳಿದರೆ ಜನ ಕೇಳುತ್ತಾರೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ ಅವರ 1923ರ ಸಂರಕ್ಷಣಾ ಕೈಪಿಡಿ, ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ತತ್ವಗಳನ್ನು ಹೇಳುವ 1964ರ ವೆನಿಸ್ ಸನ್ನದು, ಪರಂಪರೆ ಸಂರಕ್ಷಣೆಯ ರಾಷ್ಟ್ರೀಯ ಟ್ರಸ್ಟ್ ಆದ ಇಂಟ್ಯಾಕ್‌ನ 2004ರ ಸನ್ನದು, ಪುರಾತತ್ವ ಸರ್ವೇಕ್ಷಣ ಇಲಾಖೆಯ 2014ರ ರಾಷ್ಟ್ರೀಯ ಸಂರಕ್ಷಣಾ ನೀತಿ ಈ ನಾಲ್ಕನ್ನು ಪರಿಚಯಿಸಿದರೆ ಸಾಕು. ಇವು ಎಲ್ಲ ವಿಷಯದಲ್ಲೂ ಒಂದೇ ಮಾತನ್ನು ಹೇಳುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಮುರಿದ ಭಾಗಕ್ಕೆ ಹೊಸ ಕಲ್ಲು ಕೂರಿಸಿದರೆ ಅದು ಹಳೆಯದರೊಂದಿಗೆ ಹೊಂದಿಕೊಂಡೂ ಹೊಸದೆಂದು ಗುರುತಿಸುವಂತಿರಬೇಕು ಎಂದು ವೆನಿಸ್ ಸನ್ನದು ಹೇಳುತ್ತದೆ. ಇಂಟ್ಯಾಕ್ ಸನ್ನದು ಜೀವಂತವಾಗಿರುವ ಶಿಲ್ಪಿಗಳ ಪರಂಪರೆಗೂ ಸರ್ಕಾರಿ ಪಟ್ಟಿಗೆ ಸೇರದ ಪರಂಪರೆಗೂ ಹೆಚ್ಚು ಜಾಗ ಕೊಡುತ್ತದೆ. ಪೂಜೆ ನಡೆಯುತ್ತಿರುವ ಗುಡಿಯಲ್ಲಿ ಮುರಿದು ಭಿನ್ನವಾದ ಭಾಗವನ್ನು ಏನು ಮಾಡಬೇಕೆಂಬ ಅರ್ಚಕರ ಪ್ರಶ್ನೆ ಇಲ್ಲಿ ಖಂಡಿತ ಬರುತ್ತದೆ. ಅದಕ್ಕೆ ಅವಸರದ ಉತ್ತರ ಕೊಡದೆ, ಇಲಾಖೆಯವರು, ಅರ್ಚಕರು, ಶಿಲ್ಪಿ ಮೂವರನ್ನೂ ಒಟ್ಟಿಗೆ ಕೂರಿಸಿ ಎಲ್ಲರೆದುರು ಚರ್ಚೆ ಮಾಡಿಸುವುದೇ ಸರಿಯಾದ ಬೋಧನೆ. ಎಲ್ಲರೂ ಒಪ್ಪಬಹುದಾದ ಕೆಲವು ನಿಯಮಗಳು ಆ ಚರ್ಚೆಯಿಂದ ಹೊರಬರುತ್ತವೆ: ಮುಟ್ಟುವ ಮುನ್ನ ಚಿತ್ರ ತೆಗೆದು ದಾಖಲಿಸುವುದು, ಅಗತ್ಯವಿರುವಷ್ಟೇ ಮುಟ್ಟುವುದು, ಬೇಕಾದಾಗ ಹಿಂದೆಗೆಯಬಹುದಾದ ಕೆಲಸವನ್ನೇ ಮಾಡುವುದು.

ಕೈಗೆ ಕೊಡುವ ಕಾಗದ

ಬಂದವರಿಗೆ ಎರಡು ಪುಟಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ. ಒಂದರಲ್ಲಿ ಊರಿನ ನಕ್ಷೆ ಮತ್ತು ಸ್ಮಾರಕಗಳ ಪಟ್ಟಿ. ಇನ್ನೊಂದರಲ್ಲಿ ಅರ್ಜಿಯ ಹಂತಗಳು, ಲಗತ್ತಿಸಬೇಕಾದ ದಾಖಲೆಗಳು, ಯಾವ ಕಚೇರಿಗೆ ಹೋಗಬೇಕು ಎಂಬ ವಿವರ. ಭಾಷೆ ಸರಳ ಕನ್ನಡವಾಗಿರಬೇಕು, ಅಕ್ಷರ ದೊಡ್ಡದಾಗಿರಬೇಕು. ಮುದ್ರಿಸುವ ಮುನ್ನ ಕಾಯ್ದೆ, ನಿಯಮಗಳಿಗೆ ಹೊಸ ತಿದ್ದುಪಡಿ ಆಗಿದೆಯೇ ಎಂದು ವಕೀಲರೊಬ್ಬರಿಂದ ಪರಿಶೀಲಿಸಿಕೊಳ್ಳಬೇಕು, ಏಕೆಂದರೆ ಹಳೆಯ ಕರಪತ್ರ ಊರಿನಲ್ಲಿ ವರ್ಷಗಟ್ಟಲೆ ಕೈಯಿಂದ ಕೈಗೆ ಓಡಾಡುತ್ತದೆ.

ಸಂಜೆಯ ಮೇಜು ಮತ್ತು ಮುಂದಿನ ಏಳು ತಿಂಗಳು

ಕೊನೆಯ ಎರಡು ಗಂಟೆಗಳನ್ನು ಸಮಾರೋಪಕ್ಕೆ ಕೊಡದೆ ಅರ್ಜಿಗಳಿಗೆ ಕೊಡಬೇಕು. ಮೂರು ನಾಲ್ಕು ಮೇಜು ಹಾಕಿ, ಪ್ರತಿ ಮೇಜಿನಲ್ಲಿ ಕಾಗದಪತ್ರ ಬಲ್ಲವರೊಬ್ಬರನ್ನು ಕೂರಿಸಿ, ತಂದಿರುವ ದಾಖಲೆ ನೋಡಿ ಏನು ಇದೆ, ಏನು ಬೇಕು ಎಂದು ಬರೆದುಕೊಡಬೇಕು. ಅರ್ಜಿಯನ್ನು ಅಂತರ್ಜಾಲದ ಮೂಲಕ ಸಲ್ಲಿಸಲು ಗೊತ್ತಿಲ್ಲದವರಿಗೆ ನೆರವಾಗಲು ಪಂಚಾಯಿತಿಯ ಕಂಪ್ಯೂಟರ್ ಸಿಬ್ಬಂದಿಗೆ ಹಿಂದಿನ ದಿನವೇ ತರಬೇತಿ ಕೊಟ್ಟಿರಬೇಕು. ಸಭೆಯಲ್ಲಿ ಉತ್ತರ ಸಿಗದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದು, ಯಾವ ಅಧಿಕಾರಿ ಯಾವ ದಿನಾಂಕದೊಳಗೆ ಉತ್ತರಿಸುತ್ತಾರೆ ಎಂದು ಅವರೆದುರೇ ದಾಖಲಿಸಬೇಕು. ಉತ್ತರ ಬಂದಾಗ ಅದನ್ನು ಪಂಚಾಯಿತಿಯ ಫಲಕಕ್ಕೆ ಹಚ್ಚಬೇಕು.

ಸಂಕ್ರಾಂತಿಗೆ ಒಂದು ವಾರ ಇರುವಾಗ ಮತ್ತೊಮ್ಮೆ ಊರಿಗೆ ಹೋಗಿ, ಎಷ್ಟು ಅರ್ಜಿಗಳು ಸಿದ್ಧವಾಗಿವೆ, ಯಾವುದು ಯಾವ ಕಾಗದಕ್ಕಾಗಿ ನಿಂತಿದೆ ಎಂದು ನೋಡಬೇಕು. ಮಾರ್ಚ್ ತಿಂಗಳಲ್ಲಿ ಅವು ಎಲ್ಲಿವೆ ಎಂದು ವಿಚಾರಿಸಬೇಕು. ಮೇ ತಿಂಗಳಲ್ಲಿ ಅನುಮತಿ ಪಡೆದವರ ಮನೆಗಳಿಗೆ ಹೋಗಿ, ಗೌಂಡಿ ಕಲಿತದ್ದನ್ನು ಬಳಸುತ್ತಿದ್ದಾರೆಯೇ, ಅನುಮತಿಯ ಮಿತಿಯೊಳಗೇ ಕೆಲಸ ನಡೆಯುತ್ತಿದೆಯೇ ಎಂದು ಗಮನಿಸಿ, ತಪ್ಪು ಕಂಡರೆ ಅಲ್ಲಿಯೇ ಹೇಳಬೇಕು. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮಾರನೆಯ ದಿನ, ನವೆಂಬರಿನಲ್ಲಿ ಪ್ರಶ್ನೆ ಕೇಳಿದ್ದವರ ಮಾಳಿಗೆ ಹೇಗಿದೆ ಎಂದು ನೋಡಿಕೊಂಡು ಬಂದು, ಸೋರಿದ ಮನೆಗಳ ಹೆಸರನ್ನು ಮುಂದಿನ ಕಾರ್ಯಾಗಾರದ ಪ್ರಶ್ನೆಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದುಕೊಳ್ಳಬೇಕು.